ಬೀಟಾದ ಮೋಜು, ಬ್ಯಾಟರಿಗೆ ಗೋಜು

ದಾವಣಗೆರೆ ಮಂಡಿಪೇಟೆಯ ಅಂಗಡಿಯವರಿಗೂ, ಸಂಜೆ ಹರಿಹರದ ಬಸ್ಸಿಗೆ ಕಾದು ನಿಲ್ಲುವ ನೌಕರರಿಗೂ ಈಗ ಮೊಬೈಲೇ ಗಲ್ಲಾಪೆಟ್ಟಿಗೆ. 2016ರಲ್ಲಿ ಯುಪಿಐ ಬಂದ ಮೇಲೆ ಚಹಾದ ಕಾಸಿನಿಂದ ಹಿಡಿದು ಸಗಟು ವ್ಯಾಪಾರಿಯ ಬಾಕಿವರೆಗೆ ಎಲ್ಲವೂ ಅದರಲ್ಲೇ. ಇಂಥ ಗಲ್ಲಾಪೆಟ್ಟಿಗೆ ಮಟಮಟ ಮಧ್ಯಾಹ್ನ ಕಣ್ಣು ಮುಚ್ಚಿದರೆ ಗತಿಯೇನು?

"ಏನ್ರೀ ಇದು, ಬೆಳಿಗ್ಗೆ ನೂರಿತ್ತು, ಊಟದ ಹೊತ್ತಿಗೆ ಇಪ್ಪತ್ತಕ್ಕೆ ಇಳಿದಿದೆ!" ಎಂದು ರಿಪೇರಿ ಅಂಗಡಿಗೆ ಹೋದವನಿಗೆ ಬಲ್ಲ ಮೆಕ್ಯಾನಿಕ್ ಮೊದಲು ಕೇಳುವ ಪ್ರಶ್ನೆ ಒಂದೇ: "ಬೀಟಾ ಏನಾದ್ರೂ ಹಾಕ್ಕೊಂಡ್ರಾ?"

ಬೀಟಾ ಅಂದರೇನು?

ಮೊಬೈಲಿನ ಒಳಗಿನ ತಂತ್ರಾಂಶವನ್ನು ಕಂಪೆನಿಗಳು ವರ್ಷಕ್ಕೊಮ್ಮೆ ಹೊಸದು ಮಾಡುತ್ತವೆ. ಪೂರ್ತಿ ಪಕ್ವವಾಗುವ ಮುನ್ನ "ಯಾರಾದರೂ ಹಾಕಿ ನೋಡಿ, ತಪ್ಪಿದ್ದರೆ ಹೇಳಿ" ಎಂದು ಬಿಡುವ ಪ್ರಯೋಗದ ಪ್ರತಿಯೇ ಬೀಟಾ. ಐಫೋನಿನ ಬೀಟಾ ಸಾಮಾನ್ಯವಾಗಿ ಜೂನ್‌ನಲ್ಲಿ ಶುರುವಾಗಿ, ಪಕ್ಕಾ ಆವೃತ್ತಿ ಸೆಪ್ಟೆಂಬರಿಗೆ ಬರುತ್ತದೆ. ಆಂಡ್ರಾಯ್ಡಿಗೂ ಇಂಥದೇ ಏರ್ಪಾಟು. ಕಾಸು ಕೊಡಬೇಕಿಲ್ಲ, ಒಂದೆರಡು ಬಾರಿ ಒತ್ತಿದರೆ ಸಾಕು. ಪಕ್ಕದವನಿಗಿಂತ ಮೂರು ತಿಂಗಳು ಮುಂಚೆ ಹೊಸ ರೂಪ ಕಾಣುವ ಚಪಲ ಯಾರಿಗಿಲ್ಲ? ಇರಲಾರದವನು ಇರುವೆ ಬಿಟ್ಟುಕೊಂಡ ಹಾಗೆ, ಹಾಕಿಕೊಂಡ ಮೇಲೆ ಫಜೀತಿ.

ಕರೆಂಟು ತಿನ್ನುವವರು ಯಾರು?

ಕಾರಣ ಎರಡು ಬಗೆ. ಮೊದಲನೆಯದು ಯಾವ ಹೊಸ ಆವೃತ್ತಿ ಹಾಕಿದರೂ ಇರುವಂಥದು. ಮನೆ ಬದಲಾಯಿಸಿದ ಮೇಲೆ ಸಾಮಾನು ಜೋಡಿಸಿದ ಹಾಗೆ, ಫೋನು ಒಳಗೊಳಗೇ ಫೋಟೋಗಳನ್ನೆಲ್ಲ ಹೊಸದಾಗಿ ಪಟ್ಟಿ ಮಾಡುತ್ತದೆ, ಆಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುತ್ತದೆ. ಆಗ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಒಂದೆರಡು ದಿನದಲ್ಲಿ ಇದು ತಾನಾಗಿಯೇ ತಣ್ಣಗಾಗುತ್ತದೆ.

ಎರಡನೆಯದು ಬೀಟಾಕ್ಕೇ ಸೇರಿದ್ದು. ಎಲ್ಲಿ ಎಡವಿತು, ಯಾವ ಆಪ್ ಕೈಕೊಟ್ಟಿತು ಎಂದು ಅದು ಹಗಲೂ ರಾತ್ರಿ ವರದಿ ಬರೆಯುತ್ತಿರುತ್ತದೆ. ಒಳಗಿನ ದೋಷಗಳು ಇನ್ನೂ ತಿದ್ದಿಲ್ಲದ ಕಾರಣ, ಪರದೆ ಆರಿದ ಮೇಲೂ ಫೋನು ನಿದ್ದೆ ಮಾಡದೆ ದುಡಿಯುವುದುಂಟು. ಬೇರೆ ಕಂಪೆನಿಗಳ ಆಪ್‌ಗಳೂ ಹೊಸ ವ್ಯವಸ್ಥೆಗೆ ಒಗ್ಗಿರುವುದಿಲ್ಲ. ಕೆಲವು ಬ್ಯಾಂಕಿನ ಆಪ್‌ಗಳಂತೂ ತೆರೆಯದೆ ಮುಷ್ಕರ ಹೂಡುತ್ತವೆ. ವ್ಯಾಪಾರಸ್ಥನಿಗೆ ಇದು ಬ್ಯಾಟರಿಗಿಂತ ದೊಡ್ಡ ಪೆಟ್ಟು.

ನಷ್ಟದ ಲೆಕ್ಕ

"ಹೋಗ್ಲಿ ಬಿಡ್ರಿ, ಇನ್ನೊಂದು ಸಲ ಚಾರ್ಜಿಗೆ ಹಾಕಿದ್ರಾಯ್ತು" ಎನ್ನುವವರಿಗೆ ಒಂದು ಲೆಕ್ಕ. ಬ್ಯಾಟರಿಗೆ ಆಯುಸ್ಸು ಇರುವುದು ತುಂಬು ಚಾರ್ಜಿನ ಎಣಿಕೆಯಲ್ಲಿ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಸೇರಿ ಒಂದು. ಐಫೋನ್ 14 ಮತ್ತು ಅದಕ್ಕೂ ಹಿಂದಿನವು 500 ತುಂಬು ಚಾರ್ಜಿನ ನಂತರವೂ ಶೇಕಡ 80ರಷ್ಟು ಶಕ್ತಿ ಉಳಿಸಿಕೊಳ್ಳುವಂತೆ, ಐಫೋನ್ 15ರಿಂದ ಮುಂದಿನವು 1000 ಚಾರ್ಜಿನ ನಂತರ ಅಷ್ಟೇ ಉಳಿಸಿಕೊಳ್ಳುವಂತೆ ಮಾಡಲಾಗಿದೆ ಎಂಬುದು ಆಪಲ್ ಕಂಪೆನಿಯದೇ ಮಾತು. ದಿನಕ್ಕೊಂದರಂತೆ 500 ಎಂದರೆ ಹದಿನಾರು ತಿಂಗಳು. ಬೀಟಾದ ದೆಸೆಯಿಂದ ದಿನಕ್ಕೆ ಒಂದೂವರೆ ಆಯಿತೆನ್ನಿ, ಹನ್ನೊಂದು ತಿಂಗಳಿಗೇ ಮುಗಿಯಿತು. ಮೇಲಿಂದ ಕಾವು ಬೇರೆ. ಲಿಥಿಯಂ ಬ್ಯಾಟರಿಗೆ ಬಿಸಿಯೇ ವೈರಿ. ಬೀಟಾ ಪುಕ್ಕಟೆ, ಬ್ಯಾಟರಿ ಪುಕ್ಕಟೆಯಲ್ಲ.

ಎಲ್ಲದಕ್ಕೂ ಬೀಟಾ ಕಾರಣವೇ?

ಹಾಗೂ ಅಲ್ಲ. ಬ್ಯಾಟರಿಯೇ ಮುದಿಯಾಗಿದ್ದು, ಬೈಗುಳ ತಂತ್ರಾಂಶಕ್ಕೆ ಬೀಳುವುದೂ ಉಂಟು. 2017ರ ಡಿಸೆಂಬರಿನಲ್ಲಿ ಆಪಲ್ ಕಂಪೆನಿ ಒಂದು ಸಂಗತಿ ಒಪ್ಪಿಕೊಂಡಿತು. ಬ್ಯಾಟರಿ ಸವೆದ ಹಳೇ ಫೋನುಗಳು ದಿಢೀರನೆ ಆರಿಹೋಗದಿರಲಿ ಎಂದು, ಅದೇ ವರ್ಷದ ಆರಂಭದ ಅಪ್‌ಡೇಟಿನಲ್ಲಿ ಅವುಗಳ ವೇಗ ತಗ್ಗಿಸಿತ್ತು. ಗಿರಾಕಿಗಳಿಗೆ ಸರಿಯಾಗಿ ಹೇಳಿರಲಿಲ್ಲ. ಗಲಾಟೆಯಾಯಿತು. ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಬೇಕಾಯಿತು. 2020ರಲ್ಲಿ 50 ಕೋಟಿ ಡಾಲರಿನವರೆಗೆ ಪರಿಹಾರಕ್ಕೆ ಒಪ್ಪಬೇಕಾಯಿತು. ಬ್ಯಾಟರಿಯ ಆರೋಗ್ಯವನ್ನು ಐಫೋನಿನಲ್ಲೇ ತೋರಿಸುವ ಕ್ರಮ ಬಂದದ್ದು ಈ ರಾದ್ಧಾಂತವಾದ ಮೇಲೆ, 2018ರಲ್ಲಿ.

ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಪುಟ ತೆಗೆದು ನೋಡುವುದು ಮೊದಲ ಕೆಲಸ. ಯಾವ ಆಪ್ ಎಷ್ಟು ತಿಂದಿದೆ ಎಂದು ಅಲ್ಲೇ ಇರುತ್ತದೆ. ಎರಡು ದಿನ ಕಾಯಬೇಕು, ಆಪ್‌ಗಳನ್ನು ಹೊಸದು ಮಾಡಬೇಕು, ಒಮ್ಮೆ ಫೋನು ಆರಿಸಿ ಹಚ್ಚಬೇಕು. ಮುಂದಿನ ಬೀಟಾ ಬಂದಾಗ ಸರಿಹೋದರೆ ತಪ್ಪು ತಂತ್ರಾಂಶದ್ದು. ಏನು ಮಾಡಿದರೂ ಇಳಿಯುತ್ತಲೇ ಇದ್ದರೆ ಬ್ಯಾಟರಿಯನ್ನೇ ಅನುಮಾನಿಸಬೇಕು.

ವಾಪಸ್ ಬರುವ ದಾರಿ

ನಡುವೆ ಬೀಟಾ ಬಿಟ್ಟು ಹಳೆಯದಕ್ಕೆ ಮರಳುವುದು ಸುಲಭವಲ್ಲ. ಗೂಗಲ್ಲಿನ ಪಿಕ್ಸೆಲ್ ಫೋನಿನಲ್ಲಿ ಹಾಗೆ ಮಾಡಿದರೆ ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ. ಐಫೋನಿನಲ್ಲೂ ಎಲ್ಲ ಅಳಿಸಿ ಕಂಪ್ಯೂಟರಿನಿಂದ ಹೊಸದಾಗಿ ತುಂಬಬೇಕು. ಬೀಟಾದಲ್ಲಿ ತೆಗೆದಿಟ್ಟ ನಕಲು ಹಳೇ ಆವೃತ್ತಿಗೆ ಒಗ್ಗುವುದಿಲ್ಲ. ಸಾಲದ ಲೆಕ್ಕ, ಗಿರಾಕಿಗಳ ನಂಬರು ಎಲ್ಲ ಅದರಲ್ಲೇ ಇಟ್ಟವನ ಪಾಡು ಹೇಳತೀರದು. ಮೊದಲೇ ನಕಲು ತೆಗೆದಿಟ್ಟವನೇ ಜಾಣ. ಇಲ್ಲದವನು ಪಕ್ಕಾ ಆವೃತ್ತಿ ಬರುವತನಕ ಸಹಿಸಿಕೊಳ್ಳುವುದೇ ವಾಸಿ.

ಇದನ್ನು ಓದಿ "ಇನ್ನು ಅಪ್‌ಡೇಟೇ ಬೇಡ" ಎಂದು ಕೂತರೆ ಅದೂ ತಪ್ಪು. ಭದ್ರತೆಗಾಗಿ ಬರುವ ಪಕ್ಕಾ ಅಪ್‌ಡೇಟುಗಳನ್ನು ಹಾಕಲೇಬೇಕು, ಹಣದ ವ್ಯವಹಾರ ಇರುವವರಂತೂ ತಪ್ಪಿಸಕೂಡದು. ಬೇಡವೆನ್ನುವುದು ಪ್ರಯೋಗದ ಪ್ರತಿ ಮಾತ್ರ. ಹಾಕಿ ನೋಡುವ ಆಸೆ ಇದ್ದರೆ ಮೂಲೆಗೆ ಬಿದ್ದ ಹಳೇ ಫೋನು ಇದ್ದೇ ಇದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮೂರು ತಿಂಗಳು ತಡೆದರೆ ಅದೇ ಹೊಸ ರೂಪ, ದೋಷ ತಿದ್ದಿಸಿಕೊಂಡು, ತಾನಾಗಿ ಬಾಗಿಲಿಗೆ ಬರುತ್ತದೆ. ಅಲ್ಲಿಯತನಕ ದುಡಿಯುವ ಗಲ್ಲಾಪೆಟ್ಟಿಗೆಯ ಮೇಲೆ ಪ್ರಯೋಗ ಬೇಡ.