ಸರ್ವಜ್ಞನನ್ನು ಅರಸಿದ ಪಾದ್ರಿ

ಹಂಸಭಾವಿ, ಮಾಸೂರು, ಅಬಲೂರು ಸುತ್ತಿನ ಹಳ್ಳಿಗಳಲ್ಲಿ ಸರ್ವಜ್ಞ ನಮ್ಮವನೆಂಬ ಅಭಿಮಾನಕ್ಕೆ ಕೊರತೆಯಿಲ್ಲ. ಕವಿಯ ತಂದೆ ಮಾಸೂರಿನವನು, ತಾಯಿ ಅಬಲೂರಿನವಳು ಎಂಬುದು ಈ ಸೀಮೆಯ ನಂಬಿಕೆ. ಆದರೆ ಚದುರಿಹೋಗಿದ್ದ ಅವನ ತ್ರಿಪದಿಗಳನ್ನು ಕಲೆಹಾಕಿ, ಶೋಧಿಸಿ ಗ್ರಂಥರೂಪಕ್ಕೆ ತಂದವರು ಒಬ್ಬ ಕ್ರೈಸ್ತ ಪಾದ್ರಿ ಎಂಬುದು ಎಷ್ಟು ಜನರಿಗೆ ಗೊತ್ತು? ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪ (1881-1962).

ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪನವರು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಓದಿ ಪಾದ್ರಿಯಾದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಮಿಷನ್, 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತು. ಇದರ ಸಭೆಗಳಲ್ಲಿ ಬಿಷಪ್ಪರಿರಲಿಲ್ಲ. ಪಾದ್ರಿಯೂ ಸಭೆಯ ಹಿರಿಯರೂ ಕೂಡಿ ಆಡಳಿತ ನಡೆಸುತ್ತಿದ್ದರು. ಪ್ರೆಸ್ಬಿಟೇರಿಯನ್ ಪದ್ಧತಿಗೆ ಹತ್ತಿರವಾದ ಕ್ರಮವದು. ಕಿಟೆಲ್ ಅವರ ನಿಘಂಟು (1894) ಬಂದದ್ದೂ ಇದೇ ಮಿಷನ್ನಿನಿಂದ. ಹುಬ್ಬಳ್ಳಿ, ಗದಗ-ಬೆಟಗೇರಿಯಂಥ ಊರುಗಳಲ್ಲಿ ಉತ್ತಂಗಿಯವರು ಸಭೆಯ ಸೇವೆ ಮಾಡಿದರು.

ಸರ್ವಜ್ಞನ ವಚನ ಕೂಡಿಸುವುದು ಸುಲಭದ ಕೆಲಸವಲ್ಲ. ಅರ್ಧ ತಾಳೆಗರಿಯಲ್ಲಿ, ಅರ್ಧ ಜನರ ಬಾಯಲ್ಲಿ. ಊರಿಗೊಂದು ಪಾಠ. ಅಲ್ಲದೆ ಕೊನೆಗೆ 'ಸರ್ವಜ್ಞ' ಎಂದು ಸೇರಿಸಿದರೆ ಸಾಕು, ಯಾರು ಕಟ್ಟಿದ ಪದವೂ ಅವನದೇ ಆಗಿಬಿಡುತ್ತದೆ! ಉತ್ತಂಗಿಯವರು ಪಾಠಗಳನ್ನು ಹೋಲಿಸಿ, ವಿಷಯಕ್ಕೆ ತಕ್ಕಂತೆ ಪದ್ಧತಿಗಳಾಗಿ ವಿಂಗಡಿಸಿ 1924ರಲ್ಲಿ 'ಸರ್ವಜ್ಞನ ವಚನಗಳು' ಪ್ರಕಟಿಸಿದರು. ಮುಂದಿನ ಸಂಪಾದಕರೆಲ್ಲ ಈ ಪುಸ್ತಕಕ್ಕೆ ಋಣಿಗಳು.

ಸುವಾರ್ತೆ ಸಾರಬೇಕಾದ ಪಾದ್ರಿಗೆ ಶಿವನನ್ನು ನೆನೆಯುವ ಕವಿಯ ಗೊಡವೆ ಏಕೆ? ಈ ಪ್ರಶ್ನೆ ಅಂದು ಸಣ್ಣದಾಗಿರಲಿಲ್ಲ. ಯೇಸುವನ್ನು ನಂಬಿದವನು ಈ ನೆಲದ ಅನುಭಾವಕ್ಕೆ ಬೆನ್ನು ತಿರುಗಿಸಬೇಕಿಲ್ಲ ಎಂಬುದು ಅವರ ನಿಲುವು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಅವರ ಕೃತಿಯ ಹೆಸರೇ ಇದನ್ನು ಹೇಳುತ್ತದೆ: ಅಲ್ಲಿರುವುದು ಅಪ್ಪಣೆಯಲ್ಲ, ವಿನಂತಿ. ಬಸವಣ್ಣನವರ ಅನುಭವ ಮಂಟಪ ಬರೀ ಕಲ್ಪನೆ ಎಂದು ವಿದ್ವಾಂಸರು ಸಂಶಯ ಎತ್ತಿದಾಗ, ಅದರ ಪರವಾಗಿ 'ಅನುಭವ ಮಂಟಪದ ಐತಿಹಾಸಿಕತೆ' ಬರೆದವರೂ ಇವರೇ. ಲಿಂಗಾಯತ ಪರಂಪರೆಯ ಪರ ಪಾದ್ರಿಯೊಬ್ಬರ ವಕಾಲತ್ತು!

ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ, 1949ರಲ್ಲಿ, ಗುಲ್ಬರ್ಗಾದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರೇ ಅಧ್ಯಕ್ಷರು. ನಿಜಾಮನ ಆಳ್ವಿಕೆಯಿಂದ ಆಗಷ್ಟೇ ಬಿಡುಗಡೆಗೊಂಡ ಕನ್ನಡಿಗರ ಮುಂದೆ ಕನ್ನಡದ ಮಾತಾಡುವ ಗೌರವ ಈ ಪಾದ್ರಿಗೆ ಸಂದಿತು. ನಾಡು ಅವರನ್ನು ಕರೆದದ್ದು 'ತಿರುಳ್ಗನ್ನಡದ ತಿರುಕ' ಎಂದು. ಮನೆಮನೆ ತಿರುಗಿ ವಚನ ಬೇಡಿದವರಿಗೆ ಒಪ್ಪುವ ಹೆಸರು.