ಅಪಸ್ಮಾರವುಳ್ಳ ಮಕ್ಕಳ ಎಲುಬಿನ ಆರೈಕೆ

ಶರೀರವನ್ನು ಶಿವಾಲಯವೆಂದು ಭಾವಿಸುವುದು ಶರಣಧರ್ಮದ ಮೂಲಪಾಠ. ಆಲಯವನ್ನು ಕಾಯುವವರು ಗೋಪುರವನ್ನಷ್ಟೇ ನೋಡಿದರೆ ಸಾಲದು, ತಳಪಾಯವನ್ನೂ ನೋಡಬೇಕು. ಜನರು ಮೂರ್ಛೆರೋಗ, ಫಿಟ್ಸ್ ಎಂದು ಕರೆಯುವ ಅಪಸ್ಮಾರವು ಮಿದುಳಿಗೆ ಸಂಬಂಧಿಸಿದ ವ್ಯಾಧಿ. ಆದ್ದರಿಂದ ಹೆತ್ತವರ ಗಮನವೆಲ್ಲ ತಲೆಯ ಕಡೆಗೇ ಇರುತ್ತದೆ. ಅದೇ ಮಗುವಿನ ಎಲುಬುಗಳು ಸದ್ದಿಲ್ಲದೆ ದುರ್ಬಲವಾಗುತ್ತಿರಬಹುದೆಂಬ ಅರಿವು ಬಹಳ ಮನೆಗಳಲ್ಲಿಲ್ಲ.

ಎಲುಬಿನ ಗಟ್ಟಿತನದ ಬಹುಪಾಲು 20ರ ಹರೆಯದೊಳಗೆ ಕೂಡಿಬರುತ್ತದೆ. ಆ ವಯಸ್ಸಿನಲ್ಲಿ ಕೂಡಿಟ್ಟದ್ದೇ ಮುಪ್ಪಿನವರೆಗಿನ ಬುತ್ತಿ. ಅಪಸ್ಮಾರವುಳ್ಳ ಮಕ್ಕಳಿಗೆ ಈ ಗಳಿಕೆಯ ಕಾಲದಲ್ಲಿಯೇ ವಿಘ್ನಗಳು ಎದುರಾಗುತ್ತವೆ.

ಮೊದಲನೆಯದು ಔಷಧಿಯ ಪರಿಣಾಮ. 1912ರಲ್ಲಿ ಜರ್ಮನಿಯ ವೈದ್ಯ ಹಾಪ್ಟ್‌ಮನ್ ಅವರು ಫಿನೋಬಾರ್ಬಿಟೋನಿನ ಗುಣವನ್ನೂ, 1938ರಲ್ಲಿ ಅಮೆರಿಕದ ಮೆರಿಟ್ ಹಾಗೂ ಪುಟ್ನಮ್ ಅವರು ಫೆನಿಟಾಯಿನ್‌ನ ಗುಣವನ್ನೂ ಪ್ರಕಟಿಸಿದರು. ಈ ಔಷಧಿಗಳು ಅಸಂಖ್ಯ ಜೀವಗಳನ್ನು ಕಾಪಾಡಿವೆ. ಆದರೆ ಇವೂ ಕಾರ್ಬಮಜೆಪಿನ್ ಸಹ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ, ದೇಹದಲ್ಲಿರುವ ‘ಡಿ’ ಜೀವಸತ್ವವನ್ನು ಬೇಗ ಕರಗಿಸಿಬಿಡುತ್ತವೆ. ‘ಡಿ’ ಜೀವಸತ್ವ ತಗ್ಗಿದರೆ ಕರುಳು ಆಹಾರದಲ್ಲಿನ ಸುಣ್ಣದ ಅಂಶವನ್ನು ಸರಿಯಾಗಿ ಹೀರಲಾರದು. ಆಗ ದೇಹವು ಎಲುಬಿನಿಂದಲೇ ಅದನ್ನು ಕಡ ತೆಗೆಯುತ್ತದೆ. ವಾಲ್‌ಪ್ರೊಯೇಟ್ ಎಂಬ ಔಷಧಿಯನ್ನು ದೀರ್ಘಕಾಲ ಸೇವಿಸುವವರಲ್ಲಿಯೂ ಎಲುಬಿನ ಸಾಂದ್ರತೆ ಕುಗ್ಗುವುದು ಕಂಡುಬಂದಿದೆ. ಔಷಧಿಗಳ ಸಂಖ್ಯೆಯೂ ಸೇವನೆಯ ವರ್ಷಗಳೂ ಹೆಚ್ಚಿದಷ್ಟು ಎಚ್ಚರವೂ ಹೆಚ್ಚಬೇಕು.

ಎರಡನೆಯದು ಬಿಸಿಲಿನ ಅಭಾವ. ಸಸ್ಯಾಹಾರಿಗಳಾದ ನಮ್ಮ ಮನೆಗಳ ಊಟದಲ್ಲಿ ‘ಡಿ’ ಜೀವಸತ್ವ ಅತ್ಯಲ್ಪ. ಅದನ್ನು ಚರ್ಮವೇ ಬಿಸಿಲಿನಿಂದ ತಯಾರಿಸಿಕೊಳ್ಳಬೇಕು. ಆದರೆ ಈ ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ‘ನಾಲ್ಕು ಜನರ ಮುಂದೆ ಬಿದ್ದಾಳು, ನಾಳೆ ಸಂಬಂಧ ಕೂಡಿಬರಲಿಕ್ಕಿಲ್ಲ’ ಎಂದು ಒಳಗೇ ಕೂಡಿಸುವವರಿದ್ದಾರೆ. ಔಷಧಿ ಮಾಡುವ ಹಾನಿಗಿಂತ ಈ ಮುಚ್ಚುಮರೆಯ ಹಾನಿ ನಮಗೆ ಹೆಚ್ಚು ದುಃಖಕರವಾಗಿ ತೋರುತ್ತದೆ. ಏಕೆಂದರೆ ಔಷಧಿ ಅನಿವಾರ್ಯ; ಮುಚ್ಚುಮರೆ ಅನಿವಾರ್ಯವಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಮರುಕಳಿಸುವ ಅಪಸ್ಮಾರವು ವಿವಾಹಕ್ಕೆ ಅಡ್ಡಿಯೆಂದು ಅದರಲ್ಲಿದ್ದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಕಾಯಿದೆ ಬಿಟ್ಟುಕೊಟ್ಟದ್ದನ್ನು ನಮ್ಮ ಮನಸ್ಸು ಇನ್ನೂ ಹಿಡಿದುಕೊಂಡು ಕುಳಿತಿದೆ!

ಹಾಗಾದರೆ ಮಾಡತಕ್ಕದ್ದೇನು? ಈ ಲೇಖನವನ್ನೋದಿ ಯಾರೂ ಗುಳಿಗೆಯನ್ನು ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಎರವಾಗಬಹುದು. ಬಿದ್ದು ಎಲುಬು ಮುರಿಯುವ ಭಯವೂ ಹೆಚ್ಚು. ಮಗುವಿನ ವೈದ್ಯರನ್ನು ಕಂಡು, ರಕ್ತದಲ್ಲಿನ ‘ಡಿ’ ಜೀವಸತ್ವದ ಪರೀಕ್ಷೆಯ ಬಗ್ಗೆ ಕೇಳಬೇಕು. ಕೊರತೆ ಕಂಡರೆ ಅವರು ಹೇಳಿದ ಪ್ರಮಾಣದಲ್ಲಿಯೇ ಔಷಧಿ ಕೊಡಬೇಕು. ಮಿತಿಮೀರಿದರೆ ಮೂತ್ರಪಿಂಡಕ್ಕೆ ಅಪಾಯ. ಸೊಂಟ, ಕಾಲುಗಳ ನೋವು, ನಡೆಯಲು ಆಯಾಸ, ಸಣ್ಣ ಪೆಟ್ಟಿಗೇ ಎಲುಬು ಮುರಿಯುವುದು, ಇವನ್ನು ಉಪೇಕ್ಷಿಸಬಾರದು.

ಅಡುಗೆಮನೆಯಲ್ಲಿಯೂ ಉಪಾಯಗಳಿವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಜೋಳದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಆದ್ದರಿಂದ ರೊಟ್ಟಿಯ ಜೊತೆಗೆ ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪಿನ ಪಲ್ಯ, ಹಾಲು, ಮೊಸರು ಇರಲಿ. ಎಳೆಬಿಸಿಲು ಹಿತವಾದರೂ ಈ ಜೀವಸತ್ವವನ್ನು ಕೊಡುವ ಕಿರಣಗಳು ಸೂರ್ಯ ಮೇಲೇರಿದಾಗಲೇ ಹೆಚ್ಚು. ಕಿಟಕಿಯ ಗಾಜು ಅವನ್ನು ತಡೆಯುತ್ತದೆ. ಬೇಸಿಗೆಯ ಉರಿಬಿಸಿಲನ್ನು ತಪ್ಪಿಸಿ, ಮುಖ, ಕೈಕಾಲುಗಳಿಗೆ ಬಿಸಿಲು ತಗಲುವಂತೆ ದಿನವೂ ಕೆಲಹೊತ್ತು ಹೊರಗೆ ಬಿಡಬೇಕು. ಕೆರೆ, ಬಾವಿಗಳಿಗೆ ಒಂಟಿಯಾಗಿ ಹೋಗುವುದೂ ಮರವೇರುವುದೂ ಬೇಡ; ನಡಿಗೆ, ಓಟ, ಆಟಗಳು ಬೇಕೇ ಬೇಕು, ಜೊತೆಗೊಬ್ಬರಿದ್ದರಾಯಿತು. ಮೂರ್ಛೆ ಬಂದಾಗ ಕೈಕಾಲುಗಳನ್ನು ಬಲವಂತವಾಗಿ ಅದುಮಿ ಹಿಡಿಯಬಾರದು. ಕೀಲು ತಪ್ಪೀತು, ಎಲುಬು ಮುರಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಬಳಿಯಲ್ಲಿರಬೇಕು. ಐದು ನಿಮಿಷವಾದರೂ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕಾಯಕವೇ ನಮ್ಮ ಧರ್ಮದ ಉಸಿರು. ಕಾಯಕಕ್ಕೆ ಗಟ್ಟಿಯಾದ ಕಾಯ ಬೇಕು. ನಮ್ಮ ನಮ್ಮ ಓಣಿಗಳಲ್ಲಿ ಇಂಥ ಮಗುವೊಂದು ಕದದ ಹಿಂದೆ ಕುಳಿತಿದ್ದರೆ, ಅದರ ತಾಯಿತಂದೆಗಳಿಗೆ ಧೈರ್ಯ ಹೇಳಿ ಅಂಗಳಕ್ಕೆ ಕರೆತರುವುದು ನಮ್ಮೆಲ್ಲರ ಹೊಣೆಯಾಗಿದೆ.