ಕರುಳಿನ ಕಾಯಿಲೆ: ಮುಚ್ಚಿಟ್ಟಷ್ಟೂ ಮನಸ್ಸಿಗೆ ಭಾರ

ತಿಕೋಟಾ, ಬಬಲೇಶ್ವರ ಕಡೆಯಿಂದ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ಬಿಎಲ್‌ಡಿಇ ಆಸ್ಪತ್ರೆಗೆ ಬರುವುದು ಉಳಿದವರಿಗೆ ಸಣ್ಣ ಪ್ರಯಾಣ. ಕರುಳಿನ ಉರಿಯೂತ ಇರುವವರಿಗೆ ಅದೇ ದೊಡ್ಡ ಪರೀಕ್ಷೆ. ಬಸ್ಸಿನಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದು? ನಮ್ಮ ಕರಾವಳಿಯ ರೋಗಿಗಳಿಗೂ ಇದೇ ಭಯ.

ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇದರ ಎರಡು ಮುಖ್ಯ ಬಗೆಗಳು. ಪದೇ ಪದೇ ಭೇದಿ, ಹೊಟ್ಟೆನೋವು, ಸುಸ್ತು, ಕೆಲವರಿಗೆ ಮಲದಲ್ಲಿ ರಕ್ತ. ಇದು ಅಂಟುರೋಗವಲ್ಲ, ಚಿಂತೆ ಮಾಡಿ ತಂದುಕೊಂಡದ್ದೂ ಅಲ್ಲ. ಆದರೆ ಕರುಳಿಗೂ ಮೆದುಳಿಗೂ ನರಗಳ ನಂಟಿದೆ. ಚಿಂತೆ ಹೆಚ್ಚಿದರೆ ಹೊಟ್ಟೆಯ ತೊಂದರೆ ಹೆಚ್ಚಬಹುದು. ತೊಂದರೆ ಹೆಚ್ಚಿದರೆ ಮನಸ್ಸು ಕುಗ್ಗುತ್ತದೆ.

ಹೀಗಾಗಿ ಕೆಲವರು ನಿಕಾಹ್‌ಗೆ, ಜುಮಾಕ್ಕೆ ಹೋಗುವುದನ್ನೇ ಬಿಡುತ್ತಾರೆ. ಹೋದರೂ "ಒಂದು ತುತ್ತು ಬಿರಿಯಾನಿ ತಿಂದ್ರೆ ಏನಾಗ್ತದೆ?" ಎಂಬ ಒತ್ತಾಯ. ರಂಝಾನ್‌ನಲ್ಲಿ "ಉಪವಾಸ ಇಲ್ವಾ?" ಎಂಬ ಪ್ರಶ್ನೆ. ರೋಗಿಗಳಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದನ್ನು ಕುರ್‌ಆನ್‌ನ ಅಲ್ ಬಖರ ಅಧ್ಯಾಯದ 184, 185ನೇ ಸೂಕ್ತಗಳೇ ಹೇಳಿವೆ. ಅಲ್ಲಾಹನು ಕೊಟ್ಟ ರಿಯಾಯಿತಿಗೆ ನಾವು ಲೆಕ್ಕ ಕೇಳಬೇಕೇ? ಉಪವಾಸ ಹಿಡಿಯಬಹುದೇ ಎಂದು ವೈದ್ಯರಲ್ಲಿ ಮೊದಲೇ ಕೇಳಿ. ನಮ್ಮಷ್ಟಕ್ಕೆ ಮದ್ದು ನಿಲ್ಲಿಸುವುದು ಬೇಡ.

ಮನೆಯವರು ಮಾಡಬೇಕಾದ್ದು ಇಷ್ಟೇ: ಊಟಕ್ಕೆ ಒತ್ತಾಯ ಬೇಡ, ಪದೇ ಪದೇ ಶೌಚಕ್ಕೆ ಹೋದರೆ ತಮಾಷೆ ಬೇಡ. ಆಸ್ಪತ್ರೆಗೆ ಜೊತೆಗೆ ಹೋಗಿ. ಎರಡು ವಾರ ಕಳೆದರೂ ಬೇಸರ, ನಿದ್ರೆಗೇಡು ಬಿಡದಿದ್ದರೆ ಅದನ್ನೂ ಡಾಕ್ಟರಲ್ಲಿ ಹೇಳಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.